ಬಾಬ್-ಎಲ್-ಮಂದೇಬ್ ಜಲಸಂಧಿಯೂ ವಣಿಕ್‌ಪೋತಗಳೂ

ಕೆಂಪುಸಮುದ್ರವನ್ನು ಏಡನ್ ಕೊಲ್ಲಿಯೊಡನೆ ಕೂಡಿಸುವ ಜಲಸಂಧಿಗೆ ಬಾಬ್-ಎಲ್-ಮಂದೇಬ್ ಎಂದು ಹೆಸರು. ಅರಬೀ ಭಾಷೆಯಲ್ಲಿ ‘ಬಾಬ್’ ಎಂದರೆ ಬಾಗಿಲು. ಉತ್ತರಪದಕ್ಕೆ ಪ್ರಲಾಪವೆಂದು ಅರ್ಥ ಹೇಳುವುದು ರೂಢಿ. ಇದರ ಅಗಲವು ಸುಮಾರು 30 ಕಿಲೋಮೀಟರು. ಅದನ್ನೂ ಪೆರಿಮ್ ದ್ವೀಪವು ಎರಡಾಗಿ ಸೀಳಿರುವುದು.

ಈ ಮಾರ್ಗದ ಭಯವು ಪುರಾತನವಾದುದು. ಕ್ರಿ. ಶ. 77ರ ಸುಮಾರಿನಲ್ಲಿ ರೋಮಿನ ಪ್ಲಿನಿಯು ರಚಿಸಿದ ಗ್ರಂಥದಲ್ಲಿ, ಸಂಧಿಯ ಬಳಿಯ ಓಕೆಲಿಸ್ ರೇವಿನಿಂದ ಹೊರಟ ಹಡಗುಗಳು ಅನುಕೂಲವಾಯುವಿನಿಂದ 40 ದಿನಗಳಲ್ಲಿ ಮುಚಿರಿಯನ್ನು ಸೇರುತ್ತಿದ್ದುವೆಂದೂ, ಕಡಲ್ಗಳ್ಳರ ದೆಸೆಯಿಂದ ಅವುಗಳಲ್ಲಿ ಬಿಲ್ಲಾಳುಗಳ ಪಡೆಯಿರುತ್ತಿದ್ದಿತೆಂದೂ ಹೇಳಿದೆ. ಮುಚಿರಿಯ ನೆರೆಯ ಕಳ್ಳರ ನೆಲೆಯೆಂದು ಅವನು ಹೆಸರಿಸುವ ‘ನಿತ್ರಿಯಾಸ್’ ಅನ್ನು ಕೆಲವು ವಿದ್ವಾಂಸರು ನೇತ್ರಾವತಿಯೊಡನೆ ಸೇರಿಸುವರು. ನಾಮಸಾದೃಶ್ಯವೊಂದೇ ಪ್ರಮಾಣವಾಗಲಾರದು. ಕೌಟಿಲ್ಯನ ಅರ್ಥಶಾಸ್ತ್ರದ ನಾವಧ್ಯಕ್ಷ ಪ್ರಕರಣವಂತೂ ‘ಹಿಂಸ್ರಿಕಾ’ ಎಂಬ ದಸ್ಯುನೌಕೆಗಳನ್ನು ನಾಶಪಡಿಸಬೇಕೆಂದು ವಿಧಿಸಿರುವುದು.

ಆ ಕಳ್ಳರಿಗೆ ಬೇಕಾಗಿದ್ದುದು ಸರಕು. ಅದಕ್ಕಾಗಿ ಅವರು ಹಡಗಿನ ಮಗ್ಗುಲಿಗೇ ಬರಬೇಕಾಗಿದ್ದಿತು; ಬಂದವರನ್ನು ಬಾಣವು ತಡೆಯುತ್ತಿದ್ದಿತು. 2023ನೆಯ ನವೆಂಬರಿನಲ್ಲಿ ಯೆಮೆನಿನ ಹೂತಿ ಪಕ್ಷದವರು ಗಾಜಾ ಯುದ್ಧವನ್ನು ಕಾರಣವಾಗಿ ಹೇಳಿ ಆರಂಭಿಸಿದ ಆಕ್ರಮಣವು ಬೇರೆ ಬಗೆಯದು. ಆ ತಿಂಗಳ 19ರಂದು ಹೆಲಿಕಾಪ್ಟರಿನಿಂದ ಇಳಿದು ‘ಗ್ಯಾಲಕ್ಸಿ ಲೀಡರ್’ ಹಡಗನ್ನು ಸೆರೆಹಿಡಿದರು. ಅದರ 25 ಮಂದಿ ನಾವಿಕರಿಗೆ ಬಿಡುಗಡೆಯಾದುದು 2025ರ ಜನವರಿಯಲ್ಲಿ. ತರುವಾಯದ ದಾಳಿಗಳಲ್ಲಿ ಬಹಳಷ್ಟು ಕ್ಷಿಪಣಿ, ಡ್ರೋನುಗಳಿಂದ ದೂರದಿಂದಲೇ ನಡೆದುವು. ಗೊಬ್ಬರವನ್ನು ಹೇರಿದ್ದ ‘ರೂಬಿಮಾರ್’ 2024ನೆಯ ಮಾರ್ಚಿ 2ರಂದು ಮುಳುಗಿತು. ಅದೇ ತಿಂಗಳ 6ರಂದು ಏಡನ್ ಕೊಲ್ಲಿಯಲ್ಲಿ ‘ಟ್ರೂ ಕಾನ್ಫಿಡೆನ್ಸ್’ ಹಡಗಿನ ಮೂವರು ನಾವಿಕರು ಮಡಿದರು. ಉಳಿದವರಲ್ಲಿ 21 ಮಂದಿಯನ್ನು ಭಾರತದ ಯುದ್ಧನೌಕೆ ‘ಕೋಲ್ಕತ್ತ’ವು ರಕ್ಷಿಸಿತು. ಯಾವ ರಾಜ್ಯದ ಜಗಳವೂ ಈ ಕೂಲಿಯಾಳುಗಳದಾಗಿರಲಿಲ್ಲ.

ವಿಶಾಲವಾದ ಕಡಲಿನಲ್ಲಿ ಹಡಗನ್ನು ಹುಡುಕುವುದೇ ಕಷ್ಟ. ಸಂಧಿಯಲ್ಲಾದರೋ ಅದು ಯಾವ ದಾರಿಯಲ್ಲಿ, ಹೆಚ್ಚುಕಡಿಮೆ ಯಾವ ಹೊತ್ತಿಗೆ ಬರುವುದೆಂಬುದು ದಡದವನಿಗೆ ಮೊದಲೇ ವಿದಿತ. ಪಕ್ಕಕ್ಕೆ ಸರಿಯಲು ಎಡೆಯಿಲ್ಲ, ಅಸ್ತ್ರವು ಬಂದೆರಗಲು ಹೆಚ್ಚು ಹೊತ್ತೂ ಬೇಡ. ನೌಕಾಬಲವೇ ಇಲ್ಲದ ಪಕ್ಷವೂ ಇಂತಹ ಎಡೆಯಲ್ಲಿ ಸಮುದ್ರಕ್ಕೆ ಒಡೆಯನಂತೆ ವರ್ತಿಸಬಲ್ಲುದು. ಎಲ್ಲ ಹಡಗುಗಳನ್ನೂ ಹೊಡೆಯಬೇಕಾದ ಅಗತ್ಯವಿಲ್ಲ. ಕೆಲವಕ್ಕೆ ಪೆಟ್ಟು ಬಿದ್ದರೆ ವಿಮೆಯ ದರವೇರುವುದು, ಮಿಕ್ಕವು ತಾವಾಗಿ ಹಿಂಜರಿಯುವುವು.

ಆಗಿದ್ದುದೂ ಹಾಗೆಯೇ. 2024ರಲ್ಲಿ ದೊಡ್ಡ ಕಂಪೆನಿಗಳ ಹಡಗುಗಳು, 1869ರಲ್ಲಿ ತೆರೆದ ಸೂಯೆಜ್ ಕಾಲುವೆಯನ್ನು ಬಿಟ್ಟು, ಸುಮಾರು 10 ದಿನ ಹೆಚ್ಚಾದರೂ ಆಗಲೆಂದು ಆಫ್ರಿಕವನ್ನು ಬಳಸಿ ಹೋದುವು. ಕಾಲುವೆಯ ಸುಂಕವನ್ನು ನೆಚ್ಚಿದ್ದ ಈಜಿಪ್ಟಿನ ಬೊಕ್ಕಸಕ್ಕೆ, ಆ ಜಗಳದಲ್ಲಿ ಪಕ್ಷವಹಿಸದಿದ್ದರೂ, ಭಾರಿಯ ನಷ್ಟವೊದಗಿತು.