ಸೂರ್ಯಸದೃಶ ನಕ್ಷತ್ರಗಳ ಕಂಪನ

ನಕ್ಷತ್ರದಿಂದ ನಮಗೆ ದೊರೆಯುವುದು ಮುಖ್ಯವಾಗಿ ಬೆಳಕು. ಆ ಬೆಳಕು ಹೊರಡುವುದು ಅದರ ಮೇಲ್ಮೈಯ ತೆಳುವಾದ ಪದರದಿಂದ. ಒಳಗಿನ ಅಪಾರ ದ್ರವ್ಯವಾಗಲಿ, ಜಲಜನಕವು ಹೀಲಿಯಮ್ಮಾಗಿ ಮಾರ್ಪಡುವ ಗರ್ಭಭಾಗವಾಗಲಿ ದೂರದರ್ಶಕಕ್ಕೆ ಗೋಚರವಾಗುವುದಿಲ್ಲ. ಆದುದರಿಂದ ಒಂಟಿಯಾಗಿರುವ ನಕ್ಷತ್ರದ ವಯಸ್ಸೆಷ್ಟು ಎಂಬ ಪ್ರಶ್ನೆ ಬಹುಕಾಲ ಕಠಿನವಾಗಿಯೇ ಉಳಿದಿತ್ತು. ಸೂರ್ಯನ ವಯಸ್ಸು ಸುಮಾರು 457 ಕೋಟಿ ವರ್ಷವೆಂದು ನಿರ್ಧರಿಸಿದ್ದು ಸಹ ಸೂರ್ಯನನ್ನು ನೋಡಿಯಲ್ಲ. ಭೂಮಿಗೆ ಬಿದ್ದ ಉಲ್ಕಾಶಿಲೆಗಳಲ್ಲಿನ ವಿಕಿರಣಶೀಲ ಧಾತುಗಳನ್ನು ಅಳೆದು. ಇತರ ನಕ್ಷತ್ರಗಳ ಶಿಲೆ ಹೀಗೆ ನಮ್ಮ ಕೈಗೆ ದೊರೆಯುವಂತಿಲ್ಲ. ಅವುಗಳ ಒಳಗನ್ನು ಅರಿಯಲು ಇಂದು ನಮಗಿರುವ ಒಂದು ಪ್ರಬಲ ಸಾಧನವೆಂದರೆ ಅವುಗಳ ಕಂಪನ. ಈ ಸಾಧನದ ತತ್ತ್ವವೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬೆರಡು ವಿಷಯಗಳನ್ನು ಇಲ್ಲಿ ವಿವೇಚಿಸಲಾಗಿದೆ.

ಬೆಳಕನ್ನು ಬೀರುವ ವಸ್ತು ನಮ್ಮತ್ತ ಬಂದರೆ ಅದರ ರೋಹಿತದ ರೇಖೆಗಳು ನೀಲಿಯ ಕಡೆಗೂ, ದೂರ ಸರಿದರೆ ಕೆಂಪಿನ ಕಡೆಗೂ ಜರುಗುತ್ತವೆ. ಡಾಪ್ಲರ್ ಪರಿಣಾಮವೆಂದು ಪ್ರಸಿದ್ಧವಾದ ಈ ತತ್ತ್ವವನ್ನು ಬಳಸಿ 1909ರಲ್ಲಿ ಜಾನ್ ಎವರ್‌ಷೆಡ್ ಅವರು ಕೊಡೈಕೆನಾಲಿನ ವೇಧಶಾಲೆಯಲ್ಲಿ ಸೂರ್ಯಕಲೆಗಳೊಳಗಿನ ಅನಿಲದ ಹರಿವನ್ನು ಕಂಡುಹಿಡಿದರು. ಆ ವೇಧಶಾಲೆ ಈಗ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಸೇರಿದೆ. ಇದೇ ತತ್ತ್ವದಿಂದ 1960ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ನಿನಲ್ಲಿ ರಾಬರ್ಟ್ ಲೇಟನ್ ಅವರು ಸೂರ್ಯನ ಮೇಲ್ಮೈ ಸುಮಾರು 5 ನಿಮಿಷಗಳಿಗೊಮ್ಮೆ ಮೇಲಕ್ಕೂ ಕೆಳಕ್ಕೂ ಚಲಿಸುತ್ತಿರುವುದನ್ನು ಗಮನಿಸಿದರು. ಈ ಚಲನೆ ಬರಿಯ ಮೇಲ್ಮೈಯ ಕ್ಷೋಭೆಯಲ್ಲ, ಸೂರ್ಯನೊಳಗೆ ಸೆರೆಸಿಕ್ಕ ಶಬ್ದತರಂಗಗಳ ಫಲ ಎಂಬ ವಿವರಣೆಯನ್ನು 1970ರಲ್ಲಿ ರೋಜರ್ ಅಲ್ರಿಕ್ ಅವರೂ, 1971ರಲ್ಲಿ ಲೈಬಾಕರ್ ಮತ್ತು ಸ್ಟೈನ್ ಅವರೂ ನೀಡಿದರು.

ಸೂರ್ಯನಂತಹ ನಕ್ಷತ್ರಗಳ ಹೊರಭಾಗದಲ್ಲಿ ಅನಿಲವು ಕುದಿಯುವ ನೀರಿನಂತೆ ಸದಾ ಮೇಲೇರಿ ಇಳಿಯುತ್ತಿರುತ್ತದೆ. ಈ ಕುದಿತವೇ ಶಬ್ದತರಂಗಗಳನ್ನು ಎಬ್ಬಿಸುತ್ತದೆ. ಹೊರಮುಖವಾಗಿ ಹೋದ ತರಂಗವು ಸಾಂದ್ರತೆ ಥಟ್ಟನೆ ಕುಗ್ಗುವ ಮೇಲ್ಮೈಯಲ್ಲಿ ಪ್ರತಿಫಲಿಸುತ್ತದೆ. ಒಳಮುಖವಾಗಿ ಹೋದದ್ದು, ಆಳಕ್ಕಿಳಿದಂತೆ ಶಬ್ದದ ವೇಗ ಹೆಚ್ಚುವುದರಿಂದ, ಬಾಗಿ ಹಿಂದಿರುಗುತ್ತದೆ. ಹೀಗೆ ಸೆರೆಸಿಕ್ಕ ತರಂಗಗಳಲ್ಲಿ ಕೆಲವು ನಿಶ್ಚಿತ ಆವೃತ್ತಿಯವು ಮಾತ್ರ ನಿಲ್ಲುತ್ತವೆ. ಕೊಡಕ್ಕೆ ನೀರು ತುಂಬುವಾಗ ಒಳಗಿನ ಗಾಳಿಯ ಕಂಬ ಚಿಕ್ಕದಾದಂತೆ ಸ್ವರವು ಏರುವುದನ್ನು ಎಲ್ಲರೂ ಕೇಳಿದ್ದಾರೆ. ಕೊಡಗಿನ ದುಡಿಯ ಹುರಿಯನ್ನು ಬಿಗಿದರೆ, ಅದರ ಗಾತ್ರ ಬದಲಾಗದಿದ್ದರೂ, ಸ್ವರ ಏರುತ್ತದೆ. ಮೊದಲನೆಯದರಲ್ಲಿ ತರಂಗಕ್ಕಿರುವ ಸ್ಥಳ ಬದಲಾಯಿತು. ಎರಡನೆಯದರಲ್ಲಿ ತರಂಗದ ವೇಗ ಬದಲಾಯಿತು. ನಕ್ಷತ್ರದ ಸ್ವರವೂ ಈ ಎರಡನ್ನೇ ಅವಲಂಬಿಸಿದೆ: ಅದರ ಗಾತ್ರ, ಮತ್ತು ಅದರೊಳಗೆ ಶಬ್ದದ ವೇಗ.

ವೀಕ್ಷಣೆಯಿಂದ ಮುಖ್ಯವಾಗಿ ಮೂರು ಪರಿಮಾಣಗಳು ದೊರೆಯುತ್ತವೆ. ಮೊದಲನೆಯದು, ಕಂಪನವು ಅತ್ಯಂತ ಪ್ರಬಲವಾಗಿರುವ ಆವೃತ್ತಿ. ಸೂರ್ಯನಲ್ಲಿ ಇದು ಸುಮಾರು 3,090 ಮೈಕ್ರೋಹರ್ಟ್ಸ್. ಇದು ಮೇಲ್ಮೈಯ ಗುರುತ್ವವನ್ನೂ ಉಷ್ಣತೆಯನ್ನೂ ಅನುಸರಿಸುತ್ತದೆ. ಎರಡನೆಯದು, ಒಂದೇ ಬಗೆಯ ಅನುಕ್ರಮ ಸ್ವರಗಳ ನಡುವಣ ‘ದೊಡ್ಡ ಅಂತರ’. ಸೂರ್ಯನಲ್ಲಿ ಸುಮಾರು 135 ಮೈಕ್ರೋಹರ್ಟ್ಸ್. ಇದರ ವಿಲೋಮವು ಶಬ್ದವು ನಕ್ಷತ್ರದ ವ್ಯಾಸವನ್ನು ದಾಟಲು ಬೇಕಾದ ಕಾಲ. ಸೂರ್ಯನಿಗೆ ಇದು ಸುಮಾರು 2 ಗಂಟೆ. ಈ ಅಂತರದ ವರ್ಗವು ನಕ್ಷತ್ರದ ಸರಾಸರಿ ಸಾಂದ್ರತೆಗೆ ಅನುಪಾತದಲ್ಲಿರುತ್ತದೆ. ಈ ಎರಡರೊಡನೆ ಮೇಲ್ಮೈಯ ಉಷ್ಣತೆಯನ್ನೂ ಸೇರಿಸಿದರೆ ದ್ರವ್ಯರಾಶಿ ಮತ್ತು ತ್ರಿಜ್ಯಗಳೆರಡೂ ಲೆಕ್ಕಕ್ಕೆ ಸಿಗುತ್ತವೆ. ಮೂರನೆಯದಾದ ‘ಚಿಕ್ಕ ಅಂತರ’ವನ್ನು ಮುಂದೆ ವಿಚಾರಿಸೋಣ.

ಈ ಲೆಕ್ಕ ಸರಿಯೆಂದು ತಿಳಿಯುವುದು ಹೇಗೆ? ದ್ರವ್ಯರಾಶಿ ಮತ್ತು ತ್ರಿಜ್ಯಗಳು ಬೇರೊಂದು ಮಾರ್ಗದಿಂದ ಮೊದಲೇ ಗೊತ್ತಿರುವ ನಕ್ಷತ್ರವೊಂದು ಬೇಕು. ಅಂತಹ ನಕ್ಷತ್ರ ನಮ್ಮ ನಾಡಿನಿಂದಲೇ ಕಾಣುತ್ತದೆ. ನಾಗರಹೊಳೆಯ ಕಾಡಿನಂಚಿನ ತಿತಿಮತಿಯಂತಹ ಊರಿನಲ್ಲಿ ದಕ್ಷಿಣಕ್ಕೆ ಮರಗಳ ಮರೆಯಿಲ್ಲದ ತೆರವು ದೊರೆತರೆ, ಮೇ ತಿಂಗಳ ಆದಿಯಲ್ಲಿ ನಡುರಾತ್ರಿಯ ಸುಮಾರಿಗೆ ದಿಗಂತದಿಂದ ಸುಮಾರು 17 ಅಂಶಗಳ ಎತ್ತರದಲ್ಲಿ ಆಲ್ಫಾ ಸೆಂಟಾರಿ ಹೊಳೆಯುತ್ತಿರುತ್ತದೆ. ನಮ್ಮಿಂದ ಅದರ ದೂರ ಸುಮಾರು 4.3 ಬೆಳಕಿನ ವರ್ಷ. ಕಣ್ಣಿಗೆ ಒಂದಾಗಿ ಕಂಡರೂ ಅದು ಜೋಡಿ ನಕ್ಷತ್ರವೆಂಬುದನ್ನು 1689ರಲ್ಲಿ ಫ್ರೆಂಚ್ ಪಾದ್ರಿ ಜಾನ್ ರಿಷೋ ಅವರು ಪುದುಚೇರಿಯಿಂದ ಕಂಡರು. ಇವೆರಡೂ ಸುಮಾರು 80 ವರ್ಷಗಳಿಗೊಮ್ಮೆ ಪರಸ್ಪರ ಸುತ್ತುತ್ತವೆ. ಆ ಕಕ್ಷೆಯಿಂದ, ಮುಖ್ಯ ನಕ್ಷತ್ರದ ದ್ರವ್ಯರಾಶಿ ಸೂರ್ಯನ ಸುಮಾರು 1.1ರಷ್ಟೆಂದು ತಿಳಿಯುತ್ತದೆ. ಅದರ ಕೋನೀಯ ವ್ಯಾಸವನ್ನೂ ದೂರವನ್ನೂ ಅಳೆದುದರಿಂದ ತ್ರಿಜ್ಯವು ಸೂರ್ಯನ ಸುಮಾರು 1.22ರಷ್ಟು.

2001ರಲ್ಲಿ ಬೂಷಿ ಮತ್ತು ಕ್ಯಾರಿಯೆ ಅವರು ಚಿಲಿ ದೇಶದ ಲಾ ಸಿಯಾದಲ್ಲಿ 1.2 ಮೀಟರಿನ ದೂರದರ್ಶಕದಿಂದ ಈ ಮುಖ್ಯ ನಕ್ಷತ್ರದ ಕಂಪನವನ್ನು ಸ್ಪಷ್ಟವಾಗಿ ಅಳೆದರು. ಒಂದೊಂದು ಸ್ವರದಲ್ಲಿ ಮೇಲ್ಮೈಯ ವೇಗ ಸೆಕೆಂಡಿಗೆ ಸುಮಾರು 30 ಸೆಂಟಿಮೀಟರು, ಎಂದರೆ ಬೆಳಕಿನ ವೇಗದ ನೂರು ಕೋಟಿಯಲ್ಲೊಂದು ಪಾಲು. ಕಂಪನದ ಅವಧಿ ಸುಮಾರು 7 ನಿಮಿಷ. ದೊಡ್ಡ ಅಂತರ ಸುಮಾರು 106 ಮೈಕ್ರೋಹರ್ಟ್ಸ್. ಈಗ ವಿದ್ಯಾರ್ಥಿಗಳು ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 106ನ್ನು 135ರಿಂದ ಭಾಗಿಸಿ ವರ್ಗ ಮಾಡಿದರೆ ಸೂರ್ಯನ ಸಾಂದ್ರತೆಯ ಸುಮಾರು 0.62 ಪಾಲು ಬರುತ್ತದೆ. 1.1ನ್ನು 1.22ರ ಘನದಿಂದ ಭಾಗಿಸಿದರೆ ಸುಮಾರು 0.61. ಒಂದು ಲೆಕ್ಕ ಕಂಪನದಿಂದ, ಮತ್ತೊಂದು ಕಕ್ಷೆ ಮತ್ತು ವ್ಯಾಸಗಳಿಂದ. ಪರಸ್ಪರ ಸಂಬಂಧವಿಲ್ಲದ ಎರಡು ಮಾರ್ಗಗಳು ಒಂದೇ ಸ್ಥಳಕ್ಕೆ ತಂದು ಮುಟ್ಟಿಸುವುದೇ ಈ ವಿಧಾನಕ್ಕಿರುವ ದೃಢವಾದ ಆಧಾರ.

ಇನ್ನು ಚಿಕ್ಕ ಅಂತರ. ಗರ್ಭಭಾಗದವರೆಗೆ ಇಳಿಯುವ ಸ್ವರಗಳಿಗೂ ಅಲ್ಲಿಗೆ ತಲುಪದೆ ಹಿಂದಿರುಗುವ ಸ್ವರಗಳಿಗೂ ಇರುವ ಅಲ್ಪ ವ್ಯತ್ಯಾಸವಿದು. ಸೂರ್ಯನಲ್ಲಿ ಸುಮಾರು 9 ಮೈಕ್ರೋಹರ್ಟ್ಸ್. ಜಲಜನಕ ಉರಿದು ಹೀಲಿಯಮ್ ಕೂಡಿದಂತೆ ಗರ್ಭದಲ್ಲಿ ಶಬ್ದದ ವೇಗ ಕುಗ್ಗುತ್ತದೆ. ಚಿಕ್ಕ ಅಂತರವೂ ಕಿರಿದಾಗುತ್ತದೆ. ಆದುದರಿಂದ ಇದು ನಕ್ಷತ್ರದ ಗಡಿಯಾರವಿದ್ದಂತೆ. ಆದರೆ ಈ ಗಡಿಯಾರವನ್ನು ಓದುವುದು ಸುಲಭವಲ್ಲ. ಒಂದೇ ಸ್ಥಳದಿಂದ ನೋಡಿದರೆ ಹಗಲುರಾತ್ರಿಗಳ ತಡೆಯಿಂದ ಪ್ರತಿಯೊಂದು ಸ್ವರದ ಪಕ್ಕದಲ್ಲಿ 11.6 ಮೈಕ್ರೋಹರ್ಟ್ಸ್ ದೂರಕ್ಕೆ ಹುಸಿ ಸ್ವರಗಳು ತೋರುತ್ತವೆ. ಅಳೆಯಬೇಕಾದ ಅಂತರವೂ ಬಹುಮಟ್ಟಿಗೆ ಅಷ್ಟೇ ಇರುವುದರಿಂದ ನಿಜವಾವುದು, ಹುಸಿಯಾವುದು ಎಂಬ ಗೊಂದಲ ಉಂಟಾಗುತ್ತದೆ. ಇದನ್ನು ತಪ್ಪಿಸಲೆಂದೇ ಸೂರ್ಯನಿಗಾಗಿ ಭೂಮಿಯ ಸುತ್ತ ಆರು ಕೇಂದ್ರಗಳ ಜಾಲವೊಂದು 1995ರಿಂದ ಕೆಲಸ ಮಾಡಿತು. ಅವುಗಳಲ್ಲಿ ಒಂದು ನಮ್ಮ ಉದಯಪುರ. ನಕ್ಷತ್ರಗಳಿಗಾಗಿ ಅಂತರಿಕ್ಷಕ್ಕೇ ಹೋಗಬೇಕಾಯಿತು. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕವು ಬೆಳಕಿನ ಏರಿಳಿತವನ್ನು ಹತ್ತು ಲಕ್ಷದಲ್ಲಿ ಕೆಲವೇ ಪಾಲುಗಳವರೆಗೆ ಎಡೆಬಿಡದೆ ಅಳೆದು, ಐನೂರು ಸೂರ್ಯಸದೃಶ ನಕ್ಷತ್ರಗಳ ಕಂಪನವನ್ನು ಪತ್ತೆಮಾಡಿತು.

ಕಾಲನಿರ್ಣಯಕ್ಕೂ ಪರೀಕ್ಷೆ ಬೇಕಷ್ಟೆ. 16 ಸಿಗ್ನಿ ಎಂಬ ಜೋಡಿಯ ಎರಡು ನಕ್ಷತ್ರಗಳು ಒಟ್ಟಿಗೆ ಹುಟ್ಟಿದವು. ಅವುಗಳ ಕಂಪನವನ್ನು ಬೇರೆ ಬೇರೆಯಾಗಿ ವಿಶ್ಲೇಷಿಸಿದಾಗಲೂ ಎರಡಕ್ಕೂ ಸುಮಾರು 700 ಕೋಟಿ ವರ್ಷಗಳ ವಯಸ್ಸೇ ಬಂದಿತು. 2015ರಲ್ಲಿ ಕೆಪ್ಲರ್-444 ಎಂಬ ನಕ್ಷತ್ರದ ವಯಸ್ಸು ಸುಮಾರು 1,120 ಕೋಟಿ ವರ್ಷವೆಂದು ಇದೇ ವಿಧಾನದಿಂದ ಪ್ರಕಟವಾಯಿತು. ಅದರ ಸುತ್ತ ಭೂಮಿಗಿಂತ ಚಿಕ್ಕದಾದ ಐದು ಗ್ರಹಗಳಿವೆ. ವಿಶ್ವವು ಇನ್ನೂ ಎಳೆಯದಾಗಿದ್ದಾಗಲೇ ಶಿಲಾಮಯ ಗ್ರಹಗಳು ಮೂಡಿರಬಹುದೆಂಬ ಮಾತಿಗೆ ಆಧಾರ ಒದಗಿದ್ದು ಹೀಗೆ.

ಈ ವಿಧಾನದ ಮಿತಿಗಳನ್ನೂ ಮರೆಯಲಾಗದು. ಮೇಲ್ಮೈಯ ಸಮೀಪದಲ್ಲಿ ಅನಿಲದ ಕುದಿತವನ್ನು ನಮ್ಮ ಸಿದ್ಧಾಂತ ಪೂರ್ಣವಾಗಿ ವರ್ಣಿಸಲಾರದು; ಆದುದರಿಂದ ಲೆಕ್ಕದ ಆವೃತ್ತಿಗಳಿಗೆ ತಿದ್ದುಪಡಿ ಬೇಕಾಗುತ್ತದೆ. ಪ್ರಬಲ ಕಾಂತಕ್ಷೇತ್ರವಿರುವ ನಕ್ಷತ್ರಗಳಲ್ಲಿ ಕಂಪನವೇ ಕುಗ್ಗಿ ಕಾಣದೆ ಹೋಗುವುದುಂಟು. ವಯಸ್ಸು ನೇರವಾಗಿ ಅಳೆದುದಲ್ಲ, ಸಿದ್ಧಾಂತದ ಮಾದರಿಯೊಡನೆ ಹೋಲಿಸಿ ಪಡೆದುದು. ಮಾದರಿಯಲ್ಲಿನ ದೋಷ ವಯಸ್ಸಿನಲ್ಲಿಯೂ ಇಳಿಯುತ್ತದೆ. ಆದರೂ ಇಲ್ಲಿ ಬೇಕಾಗುವ ಮೂಲತತ್ತ್ವಗಳು ತಂತಿ ಮತ್ತು ಕೊಳಲುಗಳ ಕಂಪನವನ್ನು ಕುರಿತು ಕಾಲೇಜಿನ ತರಗತಿಗಳಲ್ಲಿ ಕಲಿಸುವವೇ ಆಗಿವೆ. ಶಬ್ದವನ್ನು ಕುರಿತ ಆ ಪಾಠವನ್ನು ಬೋಧಿಸುವಾಗ ಅಧ್ಯಾಪಕರು ಆಲ್ಫಾ ಸೆಂಟಾರಿಯ ಲೆಕ್ಕವನ್ನು ಒಮ್ಮೆ ಹಲಗೆಯ ಮೇಲೆ ಮಾಡಿಸಿದರೆ, ಆ ಪಾಠ ಎಷ್ಟು ದೂರಕ್ಕೆ ಸಲ್ಲುತ್ತದೆಂಬುದು ವಿದ್ಯಾರ್ಥಿಗಳಿಗೆ ಮನವರಿಕೆಯಾಗುವುದು.