ಜೋಡಿನಳಿಗೆ ಬಂದೂಕಿನ ಲೆಕ್ಕ: ಕಾಡತೂಸಿಗಿಂತ ರಾತ್ರಿಯೇ ದುಬಾರಿ

ಹೊಲ ಕಾಯುವ ಒಂದು ರಾತ್ರಿಗೆ ಎಷ್ಟು ಬೆಲೆ? ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ಕ್ಕೆ ಕರ್ನಾಟಕಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ಕಡಲೆಕಾಯಿ ಬಲಿಯುವ ಹೊತ್ತಿನಿಂದ ಕೀಳುವವರೆಗೆ 45 ರಾತ್ರಿ ಎಂದು ಹಿಡಿದು ಅದೇ ದರ ಹಾಕಿದರೆ 16,650 ರೂಪಾಯಿ. ಅದೇ ವರ್ಷದ ಬೆಂಬಲ ಬೆಲೆಯಲ್ಲಿ (ಕ್ವಿಂಟಲ್‌ಗೆ 7,263 ರೂ.) ಇದು 2.3 ಕ್ವಿಂಟಲ್ ಕಡಲೆಕಾಯಿ. ರಾಗಿಯಲ್ಲಿ (ಕ್ವಿಂಟಲ್‌ಗೆ 4,886 ರೂ.) ಹೇಳುವುದಾದರೆ 3.4 ಕ್ವಿಂಟಲ್.

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಒಂದು ಕಾಲಕ್ಕೆ ಪಾಳೇಗಾರರ ಊರು, ಈಗ ಹೋಬಳಿ ಕೇಂದ್ರ. ಉತ್ತರಕ್ಕೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು. 2019ರಲ್ಲಿ ಆ ಕಾಡಿನ ಸುಮಾರು 136 ಚದರ ಕಿಲೋಮೀಟರ್ ಚಿಂಕಾರ ವನ್ಯಜೀವಿಧಾಮವಾಯಿತು. ಈ ಸೀಮೆಯ ಮಳೆಯಾಶ್ರಿತ ಹೊಲಗಳಿಗೆ ಕಾಡುಹಂದಿಯ ಕಾಟ ಇದ್ದೇ ಇದೆ. ಆ ಕಾಟಕ್ಕೆ ಉತ್ತರ ಅಜ್ಜನ ಕಾಲದ ಜೋಡಿನಳಿಗೆ ಬಂದೂಕು ಎಂಬ ನಂಬಿಕೆಯೂ ಹಳೆಯದು. ಪರವಾನಗಿ ಪುಸ್ತಕದಲ್ಲಿ ಅದರ ಹೆಸರು ಡಿಬಿಬಿಎಲ್. ಹೊಲ ಕಾಯುವ ಕೆಲಸಕ್ಕೆ ಈ ಬಂದೂಕು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಅದರದೇ ಅಳತೆಗಳಿಂದ ನೋಡೋಣ.

ಹಕ್ಕಿಗೆಂದೇ ಹಾಕಿದ ಅಳತೆ

ಇಂಥ ಬಂದೂಕಿನ ಸಾಮಾನ್ಯ ಅಳತೆ 12 ಬೋರ್: ಒಂದು ಪೌಂಡ್ (453.6 ಗ್ರಾಂ) ಸೀಸವನ್ನು 12 ಸಮಗುಂಡುಗಳಾಗಿ ಎರಕ ಹೊಯ್ದಾಗ ಒಂದು ಗುಂಡು ಸರಿಯಾಗಿ ಕೂರುವ ನಳಿಗೆ. ಒಳವ್ಯಾಸ 18.5 ಮಿ.ಮೀ. ಇಂದಿನ ಬಹುಪಾಲು ಜೋಡಿನಳಿಗೆ ಬಂದೂಕುಗಳ ಒಳಯಂತ್ರ 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯಲ್ಲಿ ಆನ್ಸನ್ ಮತ್ತು ಡೀಲಿ ರೂಪಿಸಿದ ಮಾದರಿಯ ಸಂತತಿ. ತೂಕಕ್ಕೂ ಒಂದು ಸೂತ್ರವಿದೆ. ಅದೇ ಊರಿನ ಬಂದೂಕು ತಯಾರಕ ಗ್ರೀನರ್ ಹೇಳಿದಂತೆ, ಬಂದೂಕು ತಾನು ಹಾರಿಸುವ ಚರೆಯ 96 ಪಟ್ಟು ತೂಗಬೇಕು. ಅದಕ್ಕಿಂತ ಹಗುರವಾದರೆ ಭುಜಕ್ಕೆ ಒದೆ ಹೆಚ್ಚು. 30 ಗ್ರಾಂ ಚರೆಯನ್ನು 96ರಿಂದ ಗುಣಿಸಿದರೆ 2.88 ಕೆ.ಜಿ. ಹಳೆಯ ಶಿಕಾರಿ ಬಂದೂಕುಗಳು ಹೆಚ್ಚುಕಡಿಮೆ ಇಷ್ಟೇ ತೂಗುತ್ತವೆ.

ಎರಡು ನಳಿಗೆ ಇರುವುದು ಎರಡು ದೂರಕ್ಕೆ. ಮುಂದಿನ ಟ್ರಿಗರ್ ಬಲನಳಿಗೆಯದು, ಬಾಯಿ ತುಸು ಸಡಿಲ. ಹಿಂದಿನದು ಎಡನಳಿಗೆಯದು, ಬಾಯಿ ಬಿಗಿ. ಗೌಜಲ ಹಕ್ಕಿ ಪೊದೆಯಿಂದ ಎದ್ದ ಗಳಿಗೆಯಲ್ಲಿ ಹತ್ತಿರವಿರುತ್ತದೆ, ಎರಡನೇ ಈಡಿನ ಹೊತ್ತಿಗೆ ದೂರ ಹೋಗಿರುತ್ತದೆ. ಈ ಬಿಗಿಯನ್ನು ಅಳೆಯುವ ವಾಡಿಕೆ ಹೀಗೆ: 40 ಗಜ (36.6 ಮೀಟರ್) ದೂರದಲ್ಲಿ 76 ಸೆಂ.ಮೀ. ಅಡ್ಡಳತೆಯ ವೃತ್ತಕ್ಕೆ ಎಷ್ಟು ಪಾಲು ಚರೆ ಬೀಳುತ್ತದೆ ಎಂದು ನೋಡುವುದು. ಸಡಿಲ ನಳಿಗೆಯಿಂದ ಶೇ 50, ಪೂರ್ತಿ ಬಿಗಿಯಾದದ್ದರಿಂದ ಶೇ 70.

6ನೇ ನಂಬರ್ ಕಾಡತೂಸಿನ 30 ಗ್ರಾಂ ಸೀಸದಲ್ಲಿ ಸುಮಾರು 287 ಚರೆ. ಸಡಿಲ ನಳಿಗೆ ವೃತ್ತದೊಳಗೆ 143 ಚರೆ ಹಾಕುತ್ತದೆ, ಬಿಗಿ ನಳಿಗೆ 201. ವೃತ್ತದ ವಿಸ್ತೀರ್ಣ ಸುಮಾರು 4,560 ಚದರ ಸೆಂ.ಮೀ. ಅಂಗೈಯಗಲದ 100 ಚದರ ಸೆಂ.ಮೀ. ಜಾಗಕ್ಕೆ ಮೊದಲನೆಯದರಲ್ಲಿ 3 ಚರೆ, ಎರಡನೆಯದರಲ್ಲಿ 4ಕ್ಕೂ ಮೇಲೆ. ಹಕ್ಕಿಗೆ ಅಷ್ಟು ಸಾಕು. ಬ್ರಿಟನ್ನಿನಲ್ಲಿ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗಿನ ಫೆಸೆಂಟ್ ಹಕ್ಕಿಯ ಶಿಕಾರಿಗೆ ಇಂದಿಗೂ ಕೆಲವರು ಜೋಡಿನಳಿಗೆಯನ್ನೇ ಹಿಡಿಯುವುದು ಈ ಕಾರಣಕ್ಕೆ.

ಹಂದಿಯ ಮುಂದೆ ಅದೇ ಲೆಕ್ಕ

ಹಂದಿಗೆಂದು ದಪ್ಪ ಚರೆ, ಅಂದರೆ ಎಸ್‌ಜಿ ತುಂಬಿದರೆ 30 ಗ್ರಾಂಗೆ ಸಿಗುವುದು 8ರಿಂದ 9 ಚರೆ ಮಾತ್ರ. ಅದೇ 36.6 ಮೀಟರ್‌ನಲ್ಲಿ ಸಡಿಲ ನಳಿಗೆಯ ಅರ್ಧ ಚರೆ, ಅಂದರೆ ನಾಲ್ಕು, ವೃತ್ತದೊಳಗೆ ಬೀಳುತ್ತವೆ ಎನ್ನೋಣ. ಪ್ರಾಣಕ್ಕೆ ತಾಗುವ ಜಾಗ 20 ಸೆಂ.ಮೀ. ಅಡ್ಡಳತೆ ಎಂದು ಹಿಡಿದರೆ ಅದು ವೃತ್ತದ ಶೇ 7ರಷ್ಟು. ಚರೆ ಸಮನಾಗಿ ಹರಡಿದರೆ ಆ ಜಾಗದ ಪಾಲಿಗೆ ಬರುವುದು 0.28 ಚರೆ. ಅಂದರೆ ಮೂರು ನಾಲ್ಕು ಈಡಿಗೆ ಒಂದು ಚರೆ ಅಲ್ಲಿಗೆ ತಾಗೀತು. ಉಳಿದವು ಹೊಟ್ಟೆಗೋ ಕಾಲಿಗೋ ಬೀಳುತ್ತವೆ. ಗಾಯಗೊಂಡ ಹಂದಿ ಬೆಳಗಾಗುವಷ್ಟರಲ್ಲಿ ಪಕ್ಕದ ತೆಂಗಿನ ತೋಟದಲ್ಲಿರುತ್ತದೆ, ನೀರು ಕಟ್ಟಲು ಹೋದವರ ಮೇಲೆ ನುಗ್ಗುತ್ತದೆ. ಅದು ನರಳಿ ಸಾಯುವುದೂ ನ್ಯಾಯವಲ್ಲ.

ಇದಕ್ಕಿಂತ ಗಂಭೀರವಾದದ್ದು ದೂರ. ಫ್ರೆಂಚ್ ಸೇನಾಧಿಕಾರಿ ಜುರ್ನೆ ಹಾಕಿಕೊಟ್ಟ ಸೂತ್ರದಂತೆ, ಚರೆಯ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ಅಳೆದು 79ರಿಂದ ಗುಣಿಸಿದರೆ ಅದು ಗರಿಷ್ಠ ಎಷ್ಟು ಮೀಟರ್ ಹೋದೀತು ಎಂಬುದು ಸಿಗುತ್ತದೆ:

- 6ನೇ ನಂಬರ್: 2.6 ಮಿ.ಮೀ., ಸುಮಾರು 205 ಮೀಟರ್
- 4ನೇ ನಂಬರ್: 3.1 ಮಿ.ಮೀ., ಸುಮಾರು 245 ಮೀಟರ್
- ಬಿಬಿ: 4.1 ಮಿ.ಮೀ., ಸುಮಾರು 325 ಮೀಟರ್
- ಎಸ್‌ಜಿ: 8.4 ಮಿ.ಮೀ., ಸುಮಾರು 665 ಮೀಟರ್
- ಎಲ್‌ಜಿ: 9.1 ಮಿ.ಮೀ., ಸುಮಾರು 720 ಮೀಟರ್

2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ 3.36 ಎಕರೆ. ಚೌಕವಾಗಿದ್ದರೆ ಒಂದು ಬದಿ 117 ಮೀಟರ್. 6ನೇ ನಂಬರ್ ಹಕ್ಕಿಚರೆ ಎರಡು ಹಿಡುವಳಿ ದಾಟುವ ಮೊದಲೇ ಬಿದ್ದುಹೋಗುತ್ತದೆ. ಎಸ್‌ಜಿ ಐದು ಹಿಡುವಳಿ ದಾಟಿ ಆರನೆಯದರಲ್ಲಿ ಬೀಳಬಹುದು. ಕತ್ತಲಲ್ಲಿ ಆ ಹೊಲಗಳಲ್ಲೂ ಯಾರೋ ಕಾವಲು ಕೂತಿರುತ್ತಾರೆ, ಅವರ ಕೈಯಲ್ಲಿ ಟಾರ್ಚ್ ಇಲ್ಲದೆಯೂ ಇರಬಹುದು. ಪೊದೆ ಅಲ್ಲಾಡಿತೆಂದು ಈಡು ಹೊಡೆಯುವ ಮುನ್ನ ನೆನಪಿರಬೇಕಾದ ಸಂಖ್ಯೆ ಈ 665.

ಪರವಾನಗಿ ಕೊಡುವುದು ಎಷ್ಟು

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆರಕ್ಷಣೆಯನ್ನು ಹೆಸರಿಸಿಯೇ ಹೇಳುತ್ತದೆ. ಅದಕ್ಕೆಂದು ಮೊದಲು ಕೊಡುವುದು ಮದ್ದು ಜಡಿಯುವ ಬಂದೂಕಿಗೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ, ನಳಿಗೆ 20 ಇಂಚಿಗೆ (50.8 ಸೆಂ.ಮೀ.) ಕಡಿಮೆಯಿಲ್ಲದ ಬೇರೆ ನಯನಳಿಗೆ ಬಂದೂಕಿಗೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3ರಿಂದ 5 ವರ್ಷಕ್ಕೆ ಏರಿತು, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು 3ರಿಂದ 2ಕ್ಕೆ ಇಳಿಯಿತು. ಚುನಾವಣೆ ಬಂದರೆ ಬಂದೂಕನ್ನು ಸಾಮಾನ್ಯವಾಗಿ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ, 82 ದಿನ ನಡೆಯಿತು.

ಬಂದೂಕಿನ ಪರವಾನಗಿ ಬೇಟೆಯ ಅನುಮತಿಯಲ್ಲ. 1972ರ ವನ್ಯಜೀವಿ ಕಾಯ್ದೆಯ ಮೂಲರೂಪದಲ್ಲಿ ಸಣ್ಣ ಬೇಟೆ, ದೊಡ್ಡ ಬೇಟೆ ಎಂದು ಬಗೆಬಗೆಯ ಪರವಾನಗಿಗಳಿದ್ದವು. 1991ರ ತಿದ್ದುಪಡಿ ಅವನ್ನೆಲ್ಲ ತೆಗೆದುಹಾಕಿತು. ಅಲ್ಲಿಂದ ಗೌಜಲ ಹಕ್ಕಿಗಾಗಲಿ ಮೊಲಕ್ಕಾಗಲಿ ಶಿಕಾರಿಯ ಈಡು ಹೊಡೆಯುವುದು ಅಪರಾಧ. 2023ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಪಟ್ಟಿಯಲ್ಲಿ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು 11ನೇ ಸೆಕ್ಷನ್ ಅಡಿ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆದೇಶ ಬೇಕು. ಆದೇಶವಿಲ್ಲದೆ ಕೊಂದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ನವಿಲು, ಚಿಂಕಾರದಂಥ 1ನೇ ಅನುಸೂಚಿಯ ಜೀವಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಒಂದು ಲಕ್ಷವೆಂದರೆ ಮೇಲಿನ ಬೆಂಬಲ ಬೆಲೆಯಲ್ಲಿ ಸುಮಾರು 14 ಕ್ವಿಂಟಲ್ ಕಡಲೆಕಾಯಿ.

ನಷ್ಟ, ಕಾವಲು, ಬೇಲಿ

ಎಕರೆಗೆ 4 ಕ್ವಿಂಟಲ್ ಕಡಲೆಕಾಯಿ ಎಂದು ಹಿಡಿಯೋಣ. 3.36 ಎಕರೆಗೆ 13.4 ಕ್ವಿಂಟಲ್, ಬೆಂಬಲ ಬೆಲೆಯಲ್ಲಿ ಸುಮಾರು 97,600 ರೂಪಾಯಿ. ಹಂದಿ ಹತ್ತರಲ್ಲಿ ಒಂದು ಪಾಲು ತಿಂದರೆ ನಷ್ಟ 9,760. ಐದರಲ್ಲಿ ಒಂದು ಪಾಲು ತಿಂದರೆ 19,520. ಕಾವಲಿನ 16,650 ಇಡೀ ಬೆಳೆಯ ಶೇ 17. ಹತ್ತನೇ ಒಂದು ಪಾಲನ್ನು ಉಳಿಸಲು ಅದಕ್ಕಿಂತ ಏಳು ಸಾವಿರ ಹೆಚ್ಚಿನ ದುಡಿಮೆ ಸುರಿಯುತ್ತಿದ್ದೇವೆ. ಐದನೇ ಒಂದು ಪಾಲು ಪೂರ್ತಿ ಉಳಿದರೂ ಕೈಗೆ ಮಿಗುವುದು ಮೂರು ಸಾವಿರ. ಮನೆಯವರೇ ಕಾಯುವುದರಿಂದ ಈ ಖರ್ಚು ಯಾವ ಪುಸ್ತಕಕ್ಕೂ ಏರುವುದಿಲ್ಲ. ನಿದ್ದೆಗೆಟ್ಟ ಮೈ ಮರುದಿನ ಅದನ್ನು ತೀರಿಸುತ್ತದೆ. ಬಂದೂಕು ಕೈಯಲ್ಲಿದ್ದರೂ ಈ 45 ರಾತ್ರಿಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ, ಏಕೆಂದರೆ ಅದನ್ನು ಹಿಡಿದು ಒಬ್ಬರು ಎಚ್ಚರ ಇರಲೇಬೇಕು.

ಸೌರಬೇಲಿಗೆ ನಿದ್ದೆಯ ಹಂಗಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಸಹಾಯಧನವೂ ಉಂಟು. ಒಬ್ಬರೇ ಹಾಕಿಸಿದರೆ ಭಾರ ನಿಜ. ಚೌಕದ ಒಂದು ಹಿಡುವಳಿಗೆ ಸುತ್ತಳತೆ 467 ಮೀಟರ್. ಒತ್ತಿನ ನಾಲ್ಕು ಹಿಡುವಳಿ ಸೇರಿ ಒಂದೇ ಸುತ್ತು ಹಾಕಿದರೆ 933 ಮೀಟರ್, ತಲೆಗೆ 233. ಒಂಬತ್ತು ಸೇರಿದರೆ 1,400 ಮೀಟರ್, ತಲೆಗೆ 155. ಒಂಬತ್ತು ಮನೆಯವರು ಒಪ್ಪಿದರೆ ತಂತಿಯ ಖರ್ಚು ಮೂರನೇ ಒಂದಕ್ಕೆ ಇಳಿಯುತ್ತದೆ. ವಿದ್ಯುತ್ ಮಾರ್ಗದಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವುದು ಮಾತ್ರ ಎಂದಿಗೂ ಕೂಡದು. ಅದು ಜೀವ ತೆಗೆಯುತ್ತದೆ, ಕಾನೂನಿಗೂ ವಿರುದ್ಧ.

ಮನೆಯಲ್ಲಿ ಬಂದೂಕು ಇರುವವರಿಗೆ

ಹಳೆಯ ಇಂಗ್ಲಿಷ್ ಬಂದೂಕುಗಳ ಕಾಡತೂಸು ಕೂರುವ ಗೂಡು ಹಲವು ಸಲ 65 ಮಿ.ಮೀ., ಇಂದಿನ ಕಾಡತೂಸು ಹಲವು 70 ಮಿ.ಮೀ. ಉದ್ದದ್ದು ಒಳಗೆ ಕೂತಂತೆ ಕಂಡರೂ ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಕೆಳಗಿನ ಮುದ್ರೆಯನ್ನು ಬಲ್ಲವರಿಂದ ಓದಿಸಿಯೇ ಕಾಡತೂಸು ಕೊಳ್ಳಬೇಕು. ಸೀಸದ ಲೆಕ್ಕವೂ ಇರಲಿ: 100 ಕಾಡತೂಸು ಹಾರಿಸಿದರೆ 3 ಕೆ.ಜಿ. ಸೀಸ ಮಣ್ಣಿಗೋ ಕೆರೆಗೋ ಸೇರುತ್ತದೆ. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆಯನ್ನು ನಿಷೇಧಿಸಿತು. ಯುರೋಪಿಯನ್ ಒಕ್ಕೂಟ 2023ರ ಫೆಬ್ರವರಿ 15ರಿಂದ ಜೌಗುನೆಲಗಳಲ್ಲಿ, ಅವುಗಳ ಸುತ್ತ 100 ಮೀಟರ್‌ವರೆಗೆ, ಅದರ ಬಳಕೆ ನಿಲ್ಲಿಸಿತು.

ಜೋಡಿನಳಿಗೆ ಒಳ್ಳೆಯ ಕಸುಬಿನ ವಸ್ತು. ಅದರ ತೂಕ, ನಳಿಗೆಯ ಬಾಯಿ, ಚರೆಯ ಎಣಿಕೆ ಎಲ್ಲವೂ 35 ಮೀಟರ್ ದೂರದ ಹಕ್ಕಿಗೆ ಕೂಡಿಸಿದ ಲೆಕ್ಕ. ಆ ಶಿಕಾರಿಯನ್ನು ಕಾನೂನು ಮುಗಿಸಿದೆ, ಹಂದಿಯ ಲೆಕ್ಕ ಅದರಿಂದ ಕೂಡುವುದಿಲ್ಲ. ಪರವಾನಗಿ ನವೀಕರಣಕ್ಕೆ ತುಮಕೂರಿಗೆ ಓಡಾಡುವ ದಿನಗಳಲ್ಲಿ ಒಂದನ್ನು ಉಳಿಸಿ, ಒತ್ತಿನ ಹೊಲದವರ ಜೊತೆ ಕೂತು ಸುತ್ತಳತೆ ಅಳೆಯುವುದು ಹಾಗಲವಾಡಿಯ ರೈತನಿಗೆ ಹೆಚ್ಚು ಲಾಭ. ಮುಂದಿನ ಬಿತ್ತನೆಗೆ ಮೊದಲು ಅಷ್ಟಾದರೆ, ಕಡಲೆಕಾಯಿ ಬಲಿಯುವ ಹೊತ್ತಿಗೆ ಆ 45 ರಾತ್ರಿಗಳಲ್ಲಿ ಹೆಚ್ಚಿನವು ನಿದ್ದೆಗೆ ಸಿಗುತ್ತವೆ.