ಕಾಮಿಕ್ಸ್ ಓದಿ ಕೆಟ್ಟವರು ಯಾರು?

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳ ವಾಟ್ಸ್ಯಾಪ್ ಗುಂಪಿನಲ್ಲಿ ಮಕ್ಕಳು ಓದುವ ಜಪಾನಿನ ಮಾಂಗಾ ಪುಸ್ತಕಗಳ ಮಾತು ಬಂದರೆ ಸಾಕು, ಒಬ್ಬರಾದರೂ ಅಪ್ಪಣೆ ಕೊಡಿಸುತ್ತಾರೆ: ‘ಕಾಮಿಕ್ಸ್ ಮಕ್ಕಳನ್ನ ಕೆಡಿಸುತ್ತೆ ಅಂತ ಅಮೆರಿಕದ ಡಾಕ್ಟರೇ ಪ್ರೂವ್ ಮಾಡಿದ್ದಾರೆ ಸಾರ್. ನಮ್ಮಲ್ಲೂ ಹಿಂದೆ ಬ್ಯಾನ್ ಆಗಿತ್ತು.’ ದಿನವಿಡೀ ಡೇಟಾ, ಟೆಸ್ಟಿಂಗ್ ಎಂದು ತಲೆ ಕೆಡಿಸಿಕೊಳ್ಳುವ ಜನ ಇದೊಂದನ್ನು ಮಾತ್ರ ಟೆಸ್ಟ್ ಮಾಡದೆ ನುಂಗುತ್ತಾರೆ.

ಆ ಡಾಕ್ಟರು ನ್ಯೂಯಾರ್ಕಿನ ಮನೋವೈದ್ಯ ಫ್ರೆಡ್ರಿಕ್ ವರ್ಥಮ್. 1954ರಲ್ಲಿ ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಬರೆದು, ಸೆನೆಟ್ ಉಪಸಮಿತಿಯ ಮುಂದೆ ಸಾಕ್ಷಿಯನ್ನೂ ನುಡಿದ. ತನ್ನ ಕ್ಲಿನಿಕ್ಕಿಗೆ ಬಂದ ದಾರಿತಪ್ಪಿದ ಮಕ್ಕಳೆಲ್ಲ ಕಾಮಿಕ್ಸ್ ಓದುತ್ತಿದ್ದರು ಎಂಬುದೇ ಅವನ ದೊಡ್ಡ ಪುರಾವೆ. ಆಸ್ಪತ್ರೆಗೆ ಬಂದವರೆಲ್ಲ ಮುದ್ದೆ ಉಂಡವರು, ಹಾಗಾಗಿ ಮುದ್ದೆಯೇ ರೋಗದ ಮೂಲ ಎಂದಂತಾಯಿತು. ಆ ಕಾಲಕ್ಕೆ ಅಮೆರಿಕದಲ್ಲಿ ಕಾಮಿಕ್ಸ್ ಓದದ ಮಗುವನ್ನು ಹುಡುಕುವುದೇ ಕಷ್ಟವಿತ್ತು.

ಇಷ್ಟೇ ಆಗಿದ್ದರೆ ತರ್ಕದೋಷ ಎಂದು ಬಿಡಬಹುದಿತ್ತು. ಆದರೆ 2010ರಲ್ಲಿ ವರ್ಥಮ್‌ನ ಕಾಗದಪತ್ರಗಳು ಸಂಶೋಧಕರಿಗೆ ತೆರೆದವು. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಟಿಪ್ಪಣಿಗಳನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಓದಿ, 2012ರಲ್ಲಿ ಬಣ್ಣ ಬಯಲು ಮಾಡಿದರು. ಇಬ್ಬರು ಹುಡುಗರ ಮಾತು ಪುಸ್ತಕದಲ್ಲಿ ಒಬ್ಬನದಾಗಿತ್ತು. ಶಾಲೆಗೆ ಚಕ್ಕರ್ ಹೊಡೆಯುತ್ತಿದ್ದ 13 ವರ್ಷದ ಹುಡುಗಿಯೊಬ್ಬಳ ಕಥೆಯಲ್ಲಿ ಕಾಮಿಕ್ಸ್ ಉಳಿದಿತ್ತು. ಅವಳು ಪುಂಡರ ಗುಂಪು ಸೇರಿದ್ದು, ಮನೆ ಬಿಟ್ಟು ಓಡಿದ್ದು ಮಾಯವಾಗಿತ್ತು.

ಇನ್ನು ‘ಬ್ಯಾನ್’. ಹಾರರ್ ಕಾಮಿಕ್ಸ್‌ನ ಭಯಕ್ಕೆ ಬ್ರಿಟನ್ 1955ರಲ್ಲಿ ಕಾಯ್ದೆ ಮಾಡಿತು. ಮರುವರ್ಷ ನಮ್ಮ ಸಂಸತ್ತೂ ಯುವಜನ (ಹಾನಿಕರ ಪ್ರಕಟಣೆಗಳ) ಕಾಯ್ದೆ ತಂದಿತು. ಅದರಲ್ಲಿ ಕಾಮಿಕ್ಸ್ ಓದಬಾರದು ಎಂದು ಎಲ್ಲೂ ಇಲ್ಲ. ಅಪರಾಧ, ಕ್ರೌರ್ಯ, ಬೀಭತ್ಸವೇ ಮುಖ್ಯವಾಗಿದ್ದು ಎಳೆಯರನ್ನು ಕೆಡಿಸುವಂಥ ಪ್ರಕಟಣೆ ಮಾರಿದರೆ, ಬಾಡಿಗೆಗೆ ಕೊಟ್ಟರೆ ಆರು ತಿಂಗಳವರೆಗೆ ಸಜೆ. ಎಳೆಯರೆಂದರೆ 20 ವರ್ಷದೊಳಗಿನವರು! 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಹುಡುಗ 18ಕ್ಕೆ, ಹುಡುಗಿ 15ಕ್ಕೆ ಮದುವೆಯಾಗಬಹುದಿತ್ತು. ಸಂಸಾರ ಮಾಡಬಹುದು, ದೆವ್ವದ ಚಿತ್ರ ನೋಡಿದರೆ ಕೆಟ್ಟುಹೋಗುತ್ತಾರೆ. ಹೆಗಲ ಮೇಲೆ ಹೆಣ ಹೊತ್ತ ವಿಕ್ರಮನನ್ನು ಚಂದಮಾಮದಲ್ಲಿ, ದುಶ್ಶಾಸನನ ರಕ್ತ ಕುಡಿಯುವ ಭೀಮನನ್ನು ಯಕ್ಷಗಾನದಲ್ಲಿ ನೋಡಿ ಬೆಳೆದ ನಾವು ಅದು ಹೇಗೆ ಬಚಾವಾದೆವೋ!

ಕಾಮಿಕ್ಸ್ ಎಂದರೆ ಪರದೇಶದ ಸರಕು ಎನ್ನುವವರಿಗೂ ಒಂದು ಮಾತು: ‘ಅಮರ ಚಿತ್ರಕಥೆ’ಯ ಅನಂತ ಪೈ ಕಾರ್ಕಳದವರು. ಆ ಹೆಸರಿನ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ, ಅದೂ ಕನ್ನಡದಲ್ಲಿ ಬಂದವೆಂದು ಅವನ್ನು ಹೊರತಂದ ಜಿ.ಕೆ. ಅನಂತರಾಮ್ ಹೇಳಿದ್ದರು.

ಟೆಸ್ಟ್ ಮಾಡದೆ ನುಂಗುವ ಈ ಚಾಳಿ ಕಾಮಿಕ್ಸ್‌ಗೇ ಮುಗಿಯುವುದಿಲ್ಲ. 2017ರಲ್ಲಿ ‘ಬ್ಲೂ ವೇಲ್’ ಎಂಬ ಆನ್‌ಲೈನ್ ಆಟ ಮಕ್ಕಳನ್ನು ಕೊಲ್ಲುತ್ತಿದೆ ಎಂದು ಊರೆಲ್ಲ ನಡುಗಿತು. ಅದರ ಕೊಂಡಿಗಳನ್ನು ತೆಗೆಯಿರಿ ಎಂದು ಕೇಂದ್ರ ಸರ್ಕಾರ ಗೂಗಲ್, ಫೇಸ್‌ಬುಕ್‌ಗಳಿಗೆ ಪತ್ರ ಬರೆಯಿತು. 2018ರ ಜನವರಿಯಲ್ಲಿ ಅದೇ ಸರ್ಕಾರ, ತನಿಖೆ ಮಾಡಿದ ಯಾವ ಸಾವಿನಲ್ಲೂ ಆ ಆಟದ ಪಾತ್ರ ಸಾಬೀತಾಗಿಲ್ಲ ಎಂದು ತಿಳಿಸಿತು. ಎಚ್ಚರಿಕೆಯ ಸಂದೇಶ ಸಿಕ್ಕಸಿಕ್ಕವರಿಗೆಲ್ಲ ಕಳಿಸಿದ್ದ ಮಹನೀಯರು ಈ ಸುದ್ದಿಯನ್ನೂ ಒಮ್ಮೆ ಫಾರ್ವರ್ಡ್ ಮಾಡಿ ಪುಣ್ಯ ಕಟ್ಟಿಕೊಳ್ಳಬಹುದು. ಇನ್ನೂ ಕಾಲ ಮಿಂಚಿಲ್ಲ.